ಹೊಸ್ತಿಲ ಕಾವಲು

ಕಳೆದ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಎರಡನ್ನು ನಾವು ಪ್ರತ್ಯೇಕವಾಗಿ ತೆಗೆದಿರಿಸಿದೆವು. ಒಂದು, ವೃದ್ಧ ಮಾತೆಯೊಬ್ಬರದು. ಅವರ ಮಗನು ಹನ್ನೆರಡು ವರ್ಷಗಳಿಂದ ಅಮೆರಿಕದಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿದ್ದಾನೆ. ತಂದೆ ತೀರಿಕೊಂಡಾಗ ಅವನು ಊರಿಗೆ ಬರಲಿಲ್ಲ. ಬಂದರೆ ಮರಳಿ ಹೋಗುವ ವೀಸಾ ಯಾವಾಗ ಕೈಗೆ ಬಂದೀತೋ, ಅಷ್ಟರಲ್ಲಿ ಉದ್ಯೋಗ ಉಳಿದೀತೋ ಇಲ್ಲವೋ ಎಂಬ ಭಯ ಅವನನ್ನು ಅಲ್ಲಿಯೇ ಕಟ್ಟಿಹಾಕಿತು. ಉತ್ತರಕ್ರಿಯೆಗಳನ್ನು ಮೈದುನನ ಮಗ ನೆರವೇರಿಸಿದನಂತೆ. “ನನ್ನ ಮಗ ಕಳ್ಳದಾರಿಯಲ್ಲಿ ಹೋದವನಲ್ಲ. ಕರೆದರು, ಹೋದ, ಕೇಳಿದಷ್ಟು ತೆರಿಗೆ ಕೊಡುತ್ತಾನೆ. ಸರಕಾರಗಳು ಮನುಷ್ಯರ ಹಾದಿಗೆ ಇಷ್ಟೊಂದು ಗಂಟುಗಳನ್ನು ಏಕೆ ಹಾಕುತ್ತವೆ?” ಎಂದು ಆ ತಾಯಿ ಕೇಳಿದ್ದಾರೆ.

ಇನ್ನೊಂದು ಕಾಗದ ನಿವೃತ್ತ ಉಪಾಧ್ಯಾಯರೊಬ್ಬರದು. ಅವರ ಪ್ರಶ್ನೆ ಇದಕ್ಕೆ ತದ್ವಿರುದ್ಧವಾದುದು. “ದೇಶವೆಂದರೆ ಮನೆಯಿದ್ದಂತೆ. ಯಜಮಾನನು ಬೇಡವೆಂದ ಮೇಲೆ ಯಾರೂ ಒಳಗೆ ಬರಲಾರರು. ಸೈನ್ಯವೂ ಹಣವೂ ಉಳ್ಳ ಅಷ್ಟು ದೊಡ್ಡ ಸರಕಾರಗಳಿಗೆ ಬಾಗಿಲು ಮುಚ್ಚಲು ಬಾರದೆ?” ಎಂದು ಅವರು ಆಶ್ಚರ್ಯಪಟ್ಟಿದ್ದಾರೆ.

ಒಬ್ಬರಿಗೆ ಅಗಳಿ ಬಲು ಬಿಗಿಯಾಗಿ ಕಂಡಿದೆ, ಇನ್ನೊಬ್ಬರಿಗೆ ಬಲು ಸಡಿಲವಾಗಿ ಕಂಡಿದೆ. ಸೋಜಿಗವೆಂದರೆ ಇಬ್ಬರು ಹೇಳುವುದೂ ನಿಜವೇ. ಅದೇ ಬಾಗಿಲು ಒಬ್ಬನಿಗೆ ಕಲ್ಲುಗೋಡೆಯಾಗಿಯೂ ಮತ್ತೊಬ್ಬನಿಗೆ ಹರಿದ ಬೇಲಿಯಾಗಿಯೂ ಹೇಗಾಗುತ್ತದೆಂಬುದನ್ನು ಈ ತಿಂಗಳು ನಮ್ಮ ವಾಚಕರೊಂದಿಗೆ ವಿಚಾರಮಾಡಬೇಕೆಂದಿದ್ದೇವೆ.

ಮೊದಲು ಉಪಾಧ್ಯಾಯರ ಮಾತಿಗೆ ಸಲ್ಲಬೇಕಾದುದನ್ನು ಸಲ್ಲಿಸೋಣ. ತನ್ನ ಗಡಿಯೊಳಕ್ಕೆ ಯಾರು ಬರಬಹುದು, ಎಷ್ಟು ದಿನ ಇರಬಹುದು ಎಂಬುದನ್ನು ಗೊತ್ತುಪಡಿಸುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಉಂಟು. ಕೂಲಿ ಇಳಿದೀತೆಂಬ ಕಾರ್ಮಿಕನ ಅಂಜಿಕೆಯನ್ನಾಗಲಿ, ಮನೆಬಾಡಿಗೆ ಏರೀತೆಂಬ ಬಡವನ ಚಿಂತೆಯನ್ನಾಗಲಿ, ತನ್ನ ಭಾಷೆ ಹಿಂದೆ ಬಿದ್ದೀತೆಂಬ ಊರಿನವರ ಕಳವಳವನ್ನಾಗಲಿ ಕೇವಲ ದ್ವೇಷವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ಅಧಿಕಾರವಿರುವುದು ಬೇರೆ, ಅದನ್ನು ಅಂದುಕೊಂಡಂತೆ ನಡೆಯಿಸಿಕೊಳ್ಳುವುದು ಬೇರೆ. ಇದಕ್ಕೆ ಜರ್ಮನಿಯ ಕಥೆಗಿಂತ ಒಳ್ಳೆಯ ನಿದರ್ಶನ ನಮಗೆ ತೋರುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಪಶ್ಚಿಮ ಜರ್ಮನಿ ಹತ್ತು ವರ್ಷಗಳಲ್ಲಿ ಮತ್ತೆ ಎದ್ದು ನಿಂತಾಗ, ಅದರ ಗಣಿಗಳಿಗೂ ಕಾರಖಾನೆಗಳಿಗೂ ಆಳುಗಳು ಸಾಲದೆ ಹೋದರು. 1955ರಲ್ಲಿ ಅದು ಇಟಲಿಯೊಂದಿಗೆ ಒಡಂಬಡಿಕೆ ಮಾಡಿಕೊಂಡು ಕೆಲಸಗಾರರನ್ನು ಕರೆಯಿಸಿಕೊಂಡಿತು. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ದೇಶಗಳ ಸರದಿ ಬಂತು. 1961ರ ಆಗಸ್ಟಿನಲ್ಲಿ ಬರ್ಲಿನ್ ನಗರದ ನಡುವೆ ಗೋಡೆ ಎದ್ದು ಪೂರ್ವ ಜರ್ಮನಿಯವರು ಬರುವುದು ನಿಂತಿತು. ಅದೇ ವರ್ಷ ಅಕ್ಟೋಬರ್ 30ರಂದು ತುರ್ಕಿಯೊಂದಿಗೂ ಒಡಂಬಡಿಕೆಯಾಯಿತು. ಇಸ್ತಾಂಬುಲಿನಲ್ಲಿ ಜರ್ಮನಿಯವರೇ ಕಚೇರಿ ತೆರೆದು, ಬಂದವರ ಹಲ್ಲು, ಕಣ್ಣು, ಎದೆಗಳನ್ನು ವೈದ್ಯರಿಂದ ಪರೀಕ್ಷಿಸಿ, ಗಟ್ಟಿಮುಟ್ಟಾದವರನ್ನು ಆರಿಸಿ ರೈಲು ಹತ್ತಿಸುತ್ತಿದ್ದರು. ಮ್ಯೂನಿಕ್ ನಗರದ ನಿಲ್ದಾಣದ ಹನ್ನೊಂದನೆಯ ಕಟ್ಟೆಯಲ್ಲಿ ಅವರು ಇಳಿದು, ಅಲ್ಲಿಂದ ಬೇರೆ ಬೇರೆ ಊರುಗಳಿಗೆ ಹಂಚಿಹೋಗುತ್ತಿದ್ದರು.

ಇವರಿಗೆ ಇಟ್ಟ ಹೆಸರು “ಅತಿಥಿ ಕೆಲಸಗಾರರು” ಎಂದು. ಅತಿಥಿಯಾದವನು ಬಂದು ಹೋಗಬೇಕಾದವನಷ್ಟೆ? ಸರಕಾರದ ಯೋಜನೆಯೂ ಹಾಗೆಯೇ ಇತ್ತು. ತುರ್ಕಿಯವರು ಎರಡು ವರ್ಷ ದುಡಿದು ಮರಳಬೇಕು, ಅವರ ಸ್ಥಾನಕ್ಕೆ ಬೇರೆಯವರು ಬರಬೇಕು. ಕಾಗದದ ಮೇಲೆ ಎಷ್ಟು ಅಚ್ಚುಕಟ್ಟಾದ ಏರ್ಪಾಡು! ಇದನ್ನು ಮೊದಲು ಮುರಿದವರು ಬಂದವರಲ್ಲ, ಕಾರಖಾನೆಗಳ ಧಣಿಗಳು. ಎರಡು ವರ್ಷ ಕಲಿಸಿ ಪಳಗಿಸಿದ ಆಳನ್ನು ಕಳುಹಿಸಿಬಿಟ್ಟು ಮತ್ತೊಬ್ಬನಿಗೆ ಮೊದಲಿನಿಂದ ಕಲಿಸುವುದು ನಷ್ಟವೆಂದು ಅವರು ಪಟ್ಟುಹಿಡಿದರು. 1964ರಲ್ಲಿ ಎರಡು ವರ್ಷಗಳ ಮಿತಿಯನ್ನು ಸರಕಾರವೇ ತೆಗೆದುಹಾಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಹತ್ತು ಲಕ್ಷದ ಅತಿಥಿಯೆಂದು ಪೋರ್ಚುಗಲ್ ದೇಶದ ಬಡಗಿಯೊಬ್ಬನನ್ನು ಕೊಲೋನ್ ನಗರದ ನಿಲ್ದಾಣದಲ್ಲಿ ವಾದ್ಯಸಮೇತ ಎದುರುಗೊಂಡು, ಮೋಟಾರು ಸೈಕಲ್ಲೊಂದನ್ನು ಕಾಣಿಕೆಯಾಗಿ ಕೊಟ್ಟರು.

ಹೀಗೆ ಒಂಬತ್ತು ವರ್ಷ ಕಳೆದವು. 1973ರಲ್ಲಿ ಎಣ್ಣೆಯ ಬೆಲೆ ಏರಿತು, ಉದ್ಯಮಗಳು ಕುಗ್ಗುವ ಲಕ್ಷಣ ತೋರಿತು. ನವೆಂಬರ್ 23ರಂದು ಸರಕಾರ ಹೊರಗಿನಿಂದ ಆಳುಗಳನ್ನು ಕರೆಯುವುದನ್ನೇ ನಿಲ್ಲಿಸಿಬಿಟ್ಟಿತು. ಆಗ ಅಲ್ಲಿ ಸುಮಾರು 26 ಲಕ್ಷ ಪರದೇಶದ ಕೆಲಸಗಾರರಿದ್ದರು. ಬಾಗಿಲು ಮುಚ್ಚಿದ ಮೇಲೆ ಇವರ ಸಂಖ್ಯೆ ತಾನಾಗಿ ಕರಗುವುದೆಂದು ಅಧಿಕಾರಿಗಳ ಎಣಿಕೆ. ಆದದ್ದು ಬೇರೆ. ಅಲ್ಲಿಯವರೆಗೆ ಊರಿಗೆ ಹೋಗಿ ನಾಲ್ಕು ತಿಂಗಳು ಇದ್ದು ಮತ್ತೆ ಬರುವ ಧೈರ್ಯವಿದ್ದ ಮನುಷ್ಯನಿಗೆ, ಈಗ ಒಮ್ಮೆ ಹೊರಟರೆ ಮರಳಿ ಬರಲಾಗದೆಂಬುದು ಮನದಟ್ಟಾಯಿತು. ಅವನು ಹೋಗಲಿಲ್ಲ, ಬದಲಾಗಿ ಹೆಂಡತಿಮಕ್ಕಳನ್ನು ಕರೆಯಿಸಿಕೊಂಡನು. ಒಂದು ಹಾಸಿಗೆಯ ಕೊಟಡಿಯಲ್ಲಿದ್ದವನು ಬಿಡಾರ ಹೂಡಿದನು, ಮಕ್ಕಳನ್ನು ಶಾಲೆಗೆ ಹಾಕಿದನು. 1973ರಲ್ಲಿ ಸುಮಾರು 40 ಲಕ್ಷವಿದ್ದ ಪರದೇಶೀಯರ ಒಟ್ಟು ಸಂಖ್ಯೆ 1980ರ ಹೊತ್ತಿಗೆ ಸುಮಾರು 45 ಲಕ್ಷವಾಯಿತು. ಹೊರಗಿನವರು ಬಾರದಂತೆ ಹಾಕಿದ ಅಗಳಿಯಿಂದ ಒಳಗಿದ್ದವರು ಒಳಗೇ ಉಳಿದರು.

ಹಾಗಾದರೆ ಸರಕಾರವು ಹೆಂಡತಿಮಕ್ಕಳನ್ನೂ ತಡೆಯಬಹುದಾಗಿತ್ತಲ್ಲವೆ ಎಂದು ಕೇಳಬಹುದು. ತಡೆಯಲು ಯತ್ನಿಸದೆ ಇಲ್ಲ. ಆದರೆ ಸಂಸಾರವನ್ನು ರಕ್ಷಿಸುವುದು ರಾಜ್ಯದ ಕರ್ತವ್ಯವೆಂದು ಜರ್ಮನಿಯ ಸಂವಿಧಾನದಲ್ಲಿಯೇ ಬರೆದಿದೆ. ಅದನ್ನು ಬರೆದವರು ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿರಬಹುದು. ಆದರೆ ಸಂಸಾರವೆಂಬ ಶಬ್ದಕ್ಕೆ ರಹದಾರಿಯ ಹಂಗಿಲ್ಲ. 1978ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯದ ಮುಂದೆ ಒಂದು ವ್ಯಾಜ್ಯ ಬಂತು. ಅದರ ವಾದಿ ನಮ್ಮ ಭಾರತ ದೇಶದವನು. ಅವನ ಪರವಾನಗಿಯನ್ನು ಅಧಿಕಾರಿಗಳು ವರ್ಷವರ್ಷವೂ ಹೊಸದು ಮಾಡಿಕೊಡುತ್ತಿದ್ದು, ಕಡೆಗೊಂದು ದಿನ, ಜರ್ಮನಿ ವಲಸೆಗಾರರ ದೇಶವಲ್ಲವೆಂದು ಹೇಳಿ ನಿರಾಕರಿಸಿದರು. ಇಷ್ಟು ಕಾಲ ನಂಬಿಕೆ ಹುಟ್ಟಿಸಿ ಈಗ ಕೈಬಿಡುವುದು ಸಲ್ಲದೆಂದು ನ್ಯಾಯಾಲಯ ತೀರ್ಪಿತ್ತಿತು. ಒಂದು ಕೈಯಿಂದ ಕಾಯಿದೆ ಮಾಡುವ ರಾಜ್ಯವನ್ನು ಅದರದೇ ಇನ್ನೊಂದು ಕೈ ಹಿಡಿದು ನಿಲ್ಲಿಸಿದ ಪರಿ ಇದು. ಕಾನೂನಿನಂತೆ ನಡೆಯುವ ಯಾವ ಸರಕಾರವೂ ಇದನ್ನು ದೌರ್ಬಲ್ಯವೆಂದು ತಿಳಿಯಬಾರದೆಂದು ನಮ್ಮ ಅಭಿಪ್ರಾಯ.

1983ರಲ್ಲಿ ಇನ್ನೊಂದು ಉಪಾಯ ನಡೆಯಿತು. ಕೆಲಸವಿಲ್ಲದ ಪರದೇಶದ ಕಾರ್ಮಿಕನು ಸಂಸಾರಸಮೇತ ಊರಿಗೆ ಮರಳುವುದಾದರೆ 10,500 ಮಾರ್ಕು ಹಣ ಕೊಡುವುದಾಗಿ ಸರಕಾರ ಸಾರಿತು. ಹೋದವರೂ ಉಂಟು, ಉಳಿದವರೇ ಹೆಚ್ಚು. ಅಲ್ಲಿಯೇ ಹುಟ್ಟಿ, ಅಲ್ಲಿಯ ಭಾಷೆಯಲ್ಲಿಯೇ ಕನಸು ಕಾಣುವ ಮಗುವಿಗೆ “ಊರಿಗೆ ಮರಳು” ಎಂದರೆ ಯಾವ ಊರು? ಕೊನೆಗೆ 2000ದ ಜನವರಿಯಿಂದ, ತಂದೆ ಅಥವಾ ತಾಯಿ ಎಂಟು ವರ್ಷ ನ್ಯಾಯವಾಗಿ ಅಲ್ಲಿ ನೆಲಸಿದ್ದರೆ ಮಗುವು ಹುಟ್ಟಿನಿಂದಲೇ ಪ್ರಜೆಯೆಂದು ಕಾಯಿದೆಯಾಯಿತು. 2024ರಲ್ಲಿ ಆ ಅವಧಿಯನ್ನು ಐದು ವರ್ಷಕ್ಕೆ ಇಳಿಸಿದರು. ಅತಿಥಿಯೆಂದು ಕರೆದವರನ್ನು ಮನೆಯ ಮಕ್ಕಳೆಂದು ಒಪ್ಪಲು ಸುಮಾರು ನಲವತ್ತೈದು ವರ್ಷ ಹಿಡಿಯಿತು. ಆ ನಡುವಣ ಕಾಲದಲ್ಲಿ ಬೆಳೆದ ಮಕ್ಕಳು ಎರಡು ಮನೆಗಳ ನಡುವಿನ ಜಗಲಿಯ ಮೇಲೆ ಬೆಳೆದರು. ಆ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿಲ್ಲ.

ಇನ್ನು ಅಮೆರಿಕದತ್ತ ತಿರುಗೋಣ. ಯುದ್ಧಕಾಲದಲ್ಲಿ ಹೊಲಗಳಿಗೆ ಆಳು ಸಾಲದೆ, 1942ರಲ್ಲಿ ಆ ದೇಶ ನೆರೆಯ ಮೆಕ್ಸಿಕೋದಿಂದ ಕೂಲಿಗಳನ್ನು ಒಪ್ಪಂದದ ಮೇಲೆ ಕರೆಯತೊಡಗಿತು. 1964ರಲ್ಲಿ ಆ ಏರ್ಪಾಡು ನಿಲ್ಲುವವರೆಗೆ 45 ಲಕ್ಷದಷ್ಟು ಒಪ್ಪಂದಗಳಾಗಿದ್ದವು. ಸುಗ್ಗಿಗೆ ಬಂದು, ಸುಗ್ಗಿ ಮುಗಿದೊಡನೆ ಊರಿಗೆ ಮರಳುವುದು ಎರಡು ತಲೆಮಾರಿನ ವಾಡಿಕೆಯಾಗಿ ಹೋಗಿತ್ತು. ಏರ್ಪಾಡು ನಿಂತಿತು, ಬೆಳೆ ನಿಲ್ಲಲಿಲ್ಲ, ಕೂಲಿಯ ಅಗತ್ಯವೂ ನಿಲ್ಲಲಿಲ್ಲ, ದಾರಿ ಬಲ್ಲ ಜನರೂ ಅದನ್ನು ಮರೆಯಲಿಲ್ಲ. ನಿನ್ನೆ ಪರವಾನಗಿಯಿಂದ ಬರುತ್ತಿದ್ದವನೇ ಇಂದು ಪರವಾನಗಿಯಿಲ್ಲದೆ ಬಂದನು. ಅಷ್ಟೇ ವ್ಯತ್ಯಾಸ. ವಿಚಿತ್ರವೆಂದರೆ, 1952ರ ಕಾಯಿದೆಯಲ್ಲಿ ಕಳ್ಳತನದಿಂದ ಬಂದವನಿಗೆ ಆಶ್ರಯ ಕೊಡುವುದು ಅಪರಾಧವೆಂದು ಬರೆದು, ಕೆಲಸ ಕೊಡುವುದು ಆಶ್ರಯ ಕೊಟ್ಟಂತಲ್ಲವೆಂದೂ ಸೇರಿಸಿದ್ದರು! ಹಿಂದಿನ ಬಾಗಿಲನ್ನು ತೆರೆದಿಟ್ಟು ಮುಂದಿನ ಬಾಗಿಲಿಗೆ ಕಾವಲು ನಿಲ್ಲಿಸುವುದೆಂದರೆ ಇದೇ.

1986ರಲ್ಲಿ ಆ ತಪ್ಪನ್ನು ತಿದ್ದಲು ಹೊಸ ಕಾಯಿದೆ ಬಂತು. ಬಹುಕಾಲದಿಂದ ಇದ್ದ ಸುಮಾರು 27 ಲಕ್ಷ ಜನರಿಗೆ ನ್ಯಾಯವಾದ ನೆಲೆ ಕೊಟ್ಟು, ಇನ್ನು ಮುಂದೆ ಪರವಾನಗಿಯಿಲ್ಲದವನಿಗೆ ತಿಳಿದೂ ತಿಳಿದು ಕೆಲಸ ಕೊಟ್ಟ ಧಣಿಗೆ ದಂಡವೆಂದು ವಿಧಿಸಿದರು. ಆದರೆ ಧಣಿಯು ಕಾಗದಗಳನ್ನು ನೋಡಿ, ಅವು ನಿಜವಾದವುಗಳಂತೆ ತೋರಿದರೆ ಸಾಕೆಂದಿತು ಕಾಯಿದೆ. ತಿಳಿಯದೆ ಇರುವುದು ಲಾಭಕರವಾದಾಗ ತಿಳಿದುಕೊಳ್ಳಲು ಯಾರು ಶ್ರಮಪಡುತ್ತಾರೆ? ಸುಳ್ಳು ಕಾಗದಗಳ ವ್ಯಾಪಾರ ಬೆಳೆಯಿತು. ಇದೇನೂ ಹೊಸತಲ್ಲ. 1882ರ ಕಾಯಿದೆಯಿಂದ ಚೀನೀ ಕೂಲಿಗಳನ್ನು ತಡೆದಿದ್ದ ಅದೇ ದೇಶದಲ್ಲಿ, 1906ರ ಭೂಕಂಪದ ಬೆಂಕಿಗೆ ಸಾನ್ ಫ್ರಾನ್ಸಿಸ್ಕೋ ನಗರದ ಜನನದ ದಾಖಲೆಗಳು ಆಹುತಿಯಾದಾಗ, ಎಷ್ಟೋ ಮಂದಿ ತಾವು ಅಲ್ಲಿಯೇ ಹುಟ್ಟಿದವರೆಂದು ಹೇಳಿಕೊಂಡು, ಪರರ ಮಕ್ಕಳನ್ನು ಕಾಗದದಲ್ಲಿ ತಮ್ಮ ಮಕ್ಕಳೆಂದು ಬರೆಯಿಸಿ ಕರೆಯಿಸಿಕೊಂಡರು. ಕಟ್ಟುಪಾಡು ಕಠಿಣವಾದಷ್ಟೂ ಸುಳ್ಳಿನ ಬೆಲೆ ಏರುತ್ತದೆ.

1993 ಮತ್ತು 1994ರಲ್ಲಿ ಎಲ್ ಪಾಸೋ ಹಾಗೂ ಸಾನ್ ಡಿಯೇಗೋ ನಗರಗಳ ಬಳಿ ಗಡಿಯ ಕಾವಲನ್ನು ಬಿಗಿಗೊಳಿಸಿದರು. ದಾಟುವವರು ಊರುಗಳನ್ನು ಬಿಟ್ಟು ಆರಿಜೋನದ ಮರುಭೂಮಿಯ ಹಾದಿ ಹಿಡಿದರು. 1998ರಿಂದ ಮುಂದಿನ ಎರಡು ದಶಕಗಳಲ್ಲಿ ಬಿಸಿಲು, ಬಾಯಾರಿಕೆ, ನದಿಯ ಸೆಳವುಗಳಿಗೆ ಸಿಕ್ಕಿ ಸತ್ತವರೆಂದು ಗಡಿ ಕಾವಲಿನ ಇಲಾಖೆಯೇ ಲೆಕ್ಕವಿಟ್ಟ ಸಂಖ್ಯೆ ಏಳು ಸಾವಿರಕ್ಕೂ ಮಿಕ್ಕುತ್ತದೆ. ದಾಟಿಸುವ ದಲ್ಲಾಳಿಗಳ ದರ ಏರಿತು. ಒಮ್ಮೆ ಪ್ರಾಣವನ್ನು ಪಣವಿಟ್ಟು ದಾಟಿದವನು ಸುಗ್ಗಿ ಮುಗಿದರೂ ಮರಳಲಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಡಗ್ಲಸ್ ಮ್ಯಾಸಿ ಎಂಬ ಸಮಾಜಶಾಸ್ತ್ರಜ್ಞರು ಹಲವು ವರ್ಷ ಮೆಕ್ಸಿಕೋದ ಹಳ್ಳಿಗಳಲ್ಲಿ ವಿಚಾರಿಸಿ ತೋರಿಸಿಕೊಟ್ಟಿರುವುದೂ ಇದನ್ನೇ: ಕಾವಲಿನ ಹೆಚ್ಚಳವು ಬರುವವರಿಗಿಂತ ಹೆಚ್ಚಾಗಿ ಮರಳುವವರನ್ನು ತಡೆಯಿತು. 1990ರಲ್ಲಿ ಸುಮಾರು 35 ಲಕ್ಷವಿದ್ದ ಪರವಾನಗಿಯಿಲ್ಲದ ನಿವಾಸಿಗಳು 2007ರ ವೇಳೆಗೆ ಸುಮಾರು 1 ಕೋಟಿ 22 ಲಕ್ಷವಾದರು. ಜರ್ಮನಿಯ ಕಥೆಯೇ ಇನ್ನೊಂದು ವೇಷದಲ್ಲಿ ಬಂದಂತಾಯಿತು.

ಮೆಕ್ಸಿಕೋದಿಂದ ಬರುವವರು ಆ ಬಳಿಕ ಕಡಿಮೆಯಾದದ್ದು ಹೇಗೆ? 2008ರ ಆರ್ಥಿಕ ಕುಸಿತದಿಂದ ಕೆಲಸಗಳು ಇಳಿದದ್ದು ಒಂದು ಕಾರಣ. ಇನ್ನೊಂದನ್ನು ನಮ್ಮ ಗೃಹಿಣಿಯರು ಗಮನಿಸಬೇಕು. 1960ರ ದಶಕದಲ್ಲಿ ಮೆಕ್ಸಿಕೋದ ತಾಯಿಗೆ ಸರಾಸರಿ ಆರೇಳು ಮಕ್ಕಳಿದ್ದರು. ಐವತ್ತು ವರ್ಷಗಳಲ್ಲಿ ಅದು ಎರಡರ ಆಸುಪಾಸಿಗೆ ಇಳಿಯಿತು. ಮನೆಯಲ್ಲಿ ಆರು ಗಂಡುಮಕ್ಕಳಿದ್ದಾಗ ಮೂವರು ಹೊರಗೆ ಹೋಗುವುದು ಅನಿವಾರ್ಯ; ಒಬ್ಬನೇ ಇದ್ದರೆ ತಾಯಿ ಕಳುಹಿಸುವುದಿಲ್ಲ. ಗಡಿಯ ಬೇಲಿ ಮಾಡಲಾರದ ಕೆಲಸದ ಒಂದು ಪಾಲನ್ನು ಹಳ್ಳಿಯ ಅಡಿಗೆಮನೆಯೇ ಸದ್ದಿಲ್ಲದೆ ಮಾಡಿತು. ಆದರೂ ಬೇಲಿ ಸರ್ವಥಾ ನಿಷ್ಫಲವೆಂದು ನಾವು ಹೇಳುವುದಿಲ್ಲ. 2025ರಲ್ಲಿ ಕ್ರಮಗಳು ಅತಿ ಕಠಿಣವಾದಾಗ ಗಡಿ ದಾಟುವವರು ಬಹಳವಾಗಿ ಇಳಿದದ್ದು ನಿಜ. ಬಲದಿಂದ ಸ್ವಲ್ಪ ಕಾಲ ತಡೆಯಬಹುದು. ಅದಕ್ಕೆ ತೆರಬೇಕಾದ ಬೆಲೆ ಎಷ್ಟು, ಅದು ಎಷ್ಟು ಕಾಲ ನಿಂತೀತು ಎಂಬುದೇ ಪ್ರಶ್ನೆ.

ಬಂದವರು ನೆಲೆಯೂರದಂತೆ ಪೂರ್ಣವಾಗಿ ಹಿಡಿತದಲ್ಲಿಟ್ಟ ದೇಶಗಳಿಲ್ಲವೆ ಎಂದರೆ, ಉಂಟು. ಮಂಗಳೂರು, ಉಡುಪಿ, ಭಟ್ಕಳಗಳ ನಮ್ಮ ವಾಚಕರಿಗೆ ಅವು ಚೆನ್ನಾಗಿ ಗೊತ್ತು. ಕೊಲ್ಲಿಯ ರಾಜ್ಯಗಳಲ್ಲಿ, ಮುಖ್ಯವಾಗಿ ಯು.ಎ.ಇ.ಯಲ್ಲಿ, ಹತ್ತು ಜನರಲ್ಲಿ ಒಂಬತ್ತು ಮಂದಿಯಷ್ಟು ಹೊರಗಿನವರು. ಆದರೂ ಅಲ್ಲಿ ಪ್ರಜೆಯಾಗುವುದು ಬಲು ದುರ್ಲಭ. ಮೂವತ್ತು ವರ್ಷ ದುಡಿದವನೂ ಕೆಲಸ ಮುಗಿದ ಮೇಲೆ ಸಾಮಾನ್ಯವಾಗಿ ಪೆಟ್ಟಿಗೆ ಕಟ್ಟಲೇಬೇಕು. ಈ ಹಿಡಿತದ ಗುಟ್ಟೇನೆಂದರೆ ಕೆಲಸಗಾರನ ಪರವಾನಗಿಯನ್ನು ಒಬ್ಬ ಧಣಿಗೆ ಕಟ್ಟಿಹಾಕಿದ್ದು. ಧಣಿ ಸಜ್ಜನನಾದರೆ ಸರಿ. ಅಲ್ಲದಿದ್ದರೆ ರಹದಾರಿ ಅವನ ಪೆಟ್ಟಿಗೆಯಲ್ಲಿ, ಸಂಬಳ ಅವನ ಮರ್ಜಿಯಲ್ಲಿ. ಇತ್ತೀಚೆಗೆ ಅಲ್ಲಿಯೂ ಈ ಕಟ್ಟನ್ನು ಸಡಿಲಿಸುತ್ತಿದ್ದಾರೆ. ಧಣಿಯ ಒಪ್ಪಿಗೆಯಿಲ್ಲದೆಯೇ ಕೆಲಸ ಬದಲಾಯಿಸಲು ಕತಾರ್ 2020ರಲ್ಲಿ ಅವಕಾಶ ಕೊಟ್ಟಿತು. ಸರಕಾರವು ಪೂರ್ಣ ಹಿಡಿತ ಬೇಕೆಂದರೆ ಮನುಷ್ಯನನ್ನು ಮನುಷ್ಯನ ಕೈಗೆ ಒಪ್ಪಿಸಬೇಕಾಗುತ್ತದೆಂಬುದನ್ನು ಆ ತೀರದ ಕಥೆ ತಿಳಿಸುತ್ತದೆ.

ಈಗ ಪತ್ರ ಬರೆದ ಆ ತಾಯಿಯ ಮಾತಿಗೆ ಬರೋಣ. ಅಮ್ಮಾ, ನಿಮ್ಮ ಮಗನ ಹಾದಿಯ ಗಂಟು ದ್ವೇಷದಿಂದ ಬಿದ್ದುದಲ್ಲ. ಸಮಾನತೆಯ ಹೆಸರಿನಲ್ಲಿ ಬಿದ್ದುದು. ಉದ್ಯೋಗದ ಮೂಲಕ ಕಾಯಂ ನೆಲೆ ಪಡೆಯಲು ಅಮೆರಿಕ ವರ್ಷಕ್ಕೆ ಸುಮಾರು 1,40,000 ಸ್ಥಾನಗಳನ್ನು ಇರಿಸಿದೆ. ಹೆಂಡತಿಮಕ್ಕಳೂ ಅದೇ ಲೆಕ್ಕದಲ್ಲಿ ಸೇರುತ್ತಾರೆ. ಯಾವ ಒಂದು ದೇಶಕ್ಕೂ ನೂರಕ್ಕೆ ಏಳಕ್ಕಿಂತ ಹೆಚ್ಚು ಪಾಲು ಹೋಗಬಾರದೆಂದು ನಿಯಮ. ಐಸ್‌ಲೆಂಡಿಗೂ ಏಳು, ನೂರನಲವತ್ತು ಕೋಟಿಯ ಭಾರತಕ್ಕೂ ಏಳು. ಎಲ್ಲ ಎಲೆಗೂ ಒಂದೇ ಸೌಟು ಬಡಿಸುವುದು ನ್ಯಾಯವೆಂದು ತೋರುತ್ತದೆ. ಒಂದು ಎಲೆಯ ಮುಂದೆ ಒಬ್ಬ, ಇನ್ನೊಂದು ಎಲೆಯ ಮುಂದೆ ಸಾವಿರ ಮಂದಿ ಕುಳಿತಿರುವಾಗ ಅದು ನ್ಯಾಯವಾಗಿ ಉಳಿಯುವುದಿಲ್ಲ. ಆದುದರಿಂದಲೇ ನಮ್ಮವರ ಸರದಿ ದಶಕಗಳಷ್ಟು ಉದ್ದವಾಗಿದೆ. ಎಳೆಯ ವಯಸ್ಸಿನಲ್ಲಿ ತಂದೆಯೊಡನೆ ಹೋದ ಮಗುವಿಗೆ ಇಪ್ಪತ್ತೊಂದು ತುಂಬುವುದರೊಳಗೆ ಸರದಿ ಬಾರದಿದ್ದರೆ, ಅದು ಮಗುವೆಂಬ ಲೆಕ್ಕದಿಂದ ಹೊರಬಿದ್ದು ಬೇರೆ ದಾರಿ ಹುಡುಕಬೇಕು. ಈ ನಿಯಮವನ್ನು ಬದಲಿಸಬೇಕೆಂಬ ಮಸೂದೆಗಳು ಅಲ್ಲಿಯ ಶಾಸನಸಭೆಯಲ್ಲಿ ಹಲವು ಸಾರಿ ಬಂದವು. ಭಾರತೀಯರ ಸರದಿ ಚಿಕ್ಕದಾದರೆ ಬೇರೆ ದೇಶದವರದು ಉದ್ದವಾಗುತ್ತದೆಂಬ ಆಕ್ಷೇಪವೂ ಪ್ರತಿಸಾರಿ ಬಂತು. ಯಾರನ್ನೂ ನೋಯಿಸದ ಕಾಯಿದೆ ಈ ವಿಷಯದಲ್ಲಿ ದೊರಕುವುದು ಕಷ್ಟ.

ಬಿಗಿಯಾದ ನಿಯಮ ಕರೆಯುವವರಿಗೂ ನಷ್ಟ ತರುವುದುಂಟು. 2000ದಲ್ಲಿ ಜರ್ಮನಿಗೆ ಕಂಪ್ಯೂಟರ್ ನಿಪುಣರು ಬೇಕಾಗಿ, 20,000 ಮಂದಿಯನ್ನು ಐದು ವರ್ಷಗಳ ಮಿತಿಯ ಮೇಲೆ ಕರೆಯಿತು. ಅದರ ಕಣ್ಣು ವಿಶೇಷವಾಗಿ ಬೆಂಗಳೂರಿನಂತಹ ಊರುಗಳ ಮೇಲಿತ್ತು. ಭಾರತೀಯರು ಬೇಡ, ನಮ್ಮ ಮಕ್ಕಳೇ ಸಾಕು ಎಂಬ ಅರ್ಥದ ಘೋಷಣೆಯೂ ಅಲ್ಲಿಯ ಚುನಾವಣೆಯೊಂದರಲ್ಲಿ ಎದ್ದಿತು. ನಾಲ್ಕು ವರ್ಷ ಕಳೆದರೂ ಅಷ್ಟು ಸ್ಥಾನಗಳು ತುಂಬಲಿಲ್ಲ. ಐದು ವರ್ಷದ ಬಳಿಕ ಏನೆಂಬುದು ತಿಳಿಯದ ಮನೆಗೆ ಸಂಸಾರವಂದಿಗರು ಹೋಗಲು ಹಿಂಜರಿದರೆ ತಪ್ಪೇನು? 2024ರ ಅಕ್ಟೋಬರಿನಲ್ಲಿ ಅದೇ ಸರಕಾರ, ನುರಿತ ಭಾರತೀಯರಿಗೆ ವರ್ಷಕ್ಕೆ 20,000ವಿದ್ದ ವೀಸಾಗಳನ್ನು 90,000ಕ್ಕೆ ಏರಿಸುವುದಾಗಿ ಸಾರಿತು. ಐವತ್ತು ವರ್ಷ ಬಾಗಿಲು ಮುಚ್ಚುವ ಮಾತಾಡಿದವರು ಈಗ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾರೆ.

ನಮ್ಮ ಹಿರಿಯರು ಕೆರೆ ಕಟ್ಟುವಾಗ ಏರಿಯೊಂದನ್ನೇ ಕಟ್ಟಿ ಸುಮ್ಮನಾಗುತ್ತಿರಲಿಲ್ಲ. ಬೇಕಾದಾಗ ನೀರು ಬಿಡಲು ತೂಬನ್ನಿಟ್ಟರು. ಮಿಕ್ಕ ನೀರು ಹರಿದುಹೋಗಲು ಕೋಡಿಯನ್ನಿಟ್ಟರು. ತೂಬೂ ಕೋಡಿಯೂ ಇಲ್ಲದ ಏರಿ ಎಷ್ಟು ಎತ್ತರವಾದರೂ ಒಂದು ಮಳೆಗಾಲದಲ್ಲಿ ಒಡೆಯುತ್ತದೆ; ಏರಿಯೇ ಇಲ್ಲದಿದ್ದರೆ ಕೆರೆಯೇ ಇಲ್ಲ. ವಲಸೆಯ ಕಾಯಿದೆಗೂ ಇದೇ ಮಾತು ಸಲ್ಲುತ್ತದೆ. ಗಡಿಯೆಂಬ ಏರಿ ಇರಲಿ. ದೇಶಕ್ಕೆ ನಿಜವಾಗಿ ಬೇಕಾದಷ್ಟು ಜನ ನೇರದಾರಿಯಲ್ಲಿ ಬರಲು ತೂಬು ಇರಲಿ. ಇಲ್ಲವಾದರೆ ಅವರು ಸಂದಿಯಲ್ಲಿ ಬರುತ್ತಾರೆ. ಬಂದವರು ನಿರ್ಭಯವಾಗಿ ಊರಿಗೆ ಹೋಗಿ ಮರಳಲು ಕೋಡಿ ಇರಲಿ. ಇಲ್ಲವಾದರೆ ಅವರು ಹೋಗುವುದೇ ಇಲ್ಲ. ಧಣಿಯ ಲೋಭಕ್ಕೂ ಕಾವಲಿರಲಿ. ಎಲ್ಲಕ್ಕಿಂತ ಮೊದಲು, ಕರೆಯುವಾಗಲೇ ನಿಜ ಹೇಳಲಿ: ಇಷ್ಟು ದಿನ ಇರಬಹುದು, ಇಂತಹ ಷರತ್ತಿನ ಮೇಲೆ ನಮ್ಮವರಾಗಬಹುದು ಎಂದು.

ಉಪಾಧ್ಯಾಯರಿಗೆ ನಾವು ಹೇಳುವುದಿಷ್ಟೆ: ಮನೆಯ ಉಪಮಾನ ಒಳ್ಳೆಯದೇ, ಆದರೆ ಮನೆಯಲ್ಲಿ ಯಜಮಾನನೊಬ್ಬನೇ ಇರುವುದಿಲ್ಲ. ಒಬ್ಬರು ಬಾಗಿಲು ಹಾಕೆನ್ನುವಾಗ ಇನ್ನೊಬ್ಬರು ಹಿತ್ತಿಲಿಗೆ ಆಳನ್ನು ಕರೆದಿರುತ್ತಾರೆ, ಮತ್ತೊಬ್ಬರು ಅವನ ಮಗುವಿಗೆ ಅನ್ನ ಹಾಕಿರುತ್ತಾರೆ. ಪರದೇಶದ ಮಾತು ಹಾಗಿರಲಿ, ನಮ್ಮ ಊರಿನಲ್ಲಿ ಮನೆ ಕಟ್ಟಲು ದೂರದ ಪ್ರಾಂತಗಳಿಂದ ಬಂದ ಗಾರೆಯವರು ತಗಡಿನ ಸೂರಿನ ಕೆಳಗೆ ಮಲಗಿರುವುದನ್ನು ನಾವೆಲ್ಲ ನೋಡಿಯೇ ಇದ್ದೇವೆ. ಅವರು ಈ ದೇಶದ ಪ್ರಜೆಗಳೇ. ಯಾವ ವೀಸಾವೂ ಅವರಿಗೆ ಬೇಕಿಲ್ಲ. ಆದರೂ ಅವರ ಹೆಸರು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಆ ತಾಯಿಗೆ ಕೊಡಲು ನಮ್ಮಲ್ಲಿ ಪರಿಹಾರವಿಲ್ಲ. ಮಗನು ಬಾರದೆ ಉಳಿದದ್ದು ಪ್ರೀತಿ ಬತ್ತಿದುದರಿಂದ ಅಲ್ಲವೆಂಬುದನ್ನು ಮಾತ್ರ ಅವರು ನಂಬಬೇಕೆಂದು ಬೇಡುತ್ತೇವೆ. ಹೊಸ್ತಿಲ ಕಾವಲುಗಾರನಿಗೆ ಬರುವವನ ಮುಖ ಕಾಣುತ್ತದೆ. ಅವನ ಬೆನ್ನ ಹಿಂದೆ ದೂರದ ಜಗಲಿಯಲ್ಲಿ ಕುಳಿತು ದಾರಿ ನೋಡುತ್ತಿರುವ ಮುಖ ಕಾಣುವುದಿಲ್ಲ. ಆ ಎರಡನೆಯ ಮುಖವನ್ನೂ ಎಣಿಕೆಗೆ ತಂದುಕೊಳ್ಳುವ ಕಾಯಿದೆಯೇ ಬಹುಕಾಲ ನಿಲ್ಲುವುದೆಂದು ಈ ಎಪ್ಪತ್ತು ವರ್ಷಗಳ ಚರಿತ್ರೆ ನಮಗೆ ಕಲಿಸಿದೆ.